ನದಿ ಜಾಗ ಬದಲಿಸುತ್ತದೆ, ಜಾಕ್‌ವೆಲ್ ಬದಲಿಸುವುದಿಲ್ಲ

ನದಿಯಲ್ಲಿ ನೀರಿದೆ. ಊರಿಗೆ ನೀರೆತ್ತಲು ದಡದಲ್ಲಿ ಕಟ್ಟಿದ ಬಾವಿ, ಅಂದರೆ ಜಾಕ್‌ವೆಲ್, ಗಟ್ಟಿಮುಟ್ಟಾಗಿದೆ. ಪಂಪ್ ಹೊಸದು, ಕರೆಂಟೂ ಇದೆ. ಆದರೂ ಊರಿಗೆ ನೀರು ಬರುತ್ತಿಲ್ಲ. ಹೋಗಿ ನೋಡಿದರೆ ಜಾಕ್‌ವೆಲ್‌ನ ಬಾಯಿಯ ಮುಂದೆ ಆಳೆತ್ತರ ಮರಳು ಬಿದ್ದಿದೆ. ನದಿ ಇನ್ನೂರು ಮುನ್ನೂರು ಮೀಟರ್ ಆಚೆ, ಎದುರು ದಡಕ್ಕೆ ಒರಗಿಕೊಂಡು ಹರಿಯುತ್ತಿದೆ. ಕಟ್ಟುವಾಗ ಇದೇ ಜಾಗದಲ್ಲಿ ಮಡು ಇತ್ತು. ಬೇಸಿಗೆಯಲ್ಲೂ ಬತ್ತದ ಮಡು. ಅದನ್ನು ನೋಡಿಯೇ ಇಲ್ಲಿ ಕಟ್ಟಿದ್ದು.

ಮರಳು, ಹೂಳು ಹೊತ್ತು ತರುವ ನದಿಗಳ ದಡದಲ್ಲಿ ಈ ಕಥೆ ಮತ್ತೆ ಮತ್ತೆ ನಡೆಯುತ್ತದೆ. ಇದರಲ್ಲಿ ಕಾಂಕ್ರೀಟಿನ ತಪ್ಪು ತೀರಾ ಕಡಿಮೆ. ಜಾಗ ಆರಿಸಿದಾಗಲೇ ಕಟ್ಟಡದ ಹಣೆಬರಹದ ಬಹುಪಾಲು ನಿರ್ಧಾರ ಆಗಿರುತ್ತದೆ. ನದಿ ನೀರನ್ನೂ ಮರಳನ್ನೂ ಒಟ್ಟಿಗೆ ತರುತ್ತದೆ, ನಿಜ. ಆದರೆ ಎರಡನ್ನೂ ಒಂದೇ ದಾರಿಯಲ್ಲಿ ತರುವುದಿಲ್ಲ. ನೀರು ಬರುವ ದಾರಿಯಲ್ಲಿ ನಿಂತು, ಮರಳು ಹೋಗುವ ದಾರಿಯಿಂದ ದೂರ ಇರುವುದು ಹೇಗೆ? ಈ ವಿದ್ಯೆಯ ತಿರುಳು ಇಷ್ಟೇ. ಅದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನದಿಯಿಂದ ನೀರು ತೆಗೆದುಕೊಳ್ಳುವ ಬಾಯಿಗೆ ಇಲ್ಲಿ ಇನ್‌ಟೇಕ್ ಎನ್ನುತ್ತೇನೆ. ಅದು ಕುಡಿಯುವ ನೀರಿನ ಜಾಕ್‌ವೆಲ್ ಇರಬಹುದು, ಕಾಲುವೆಯ ತೂಬು ಇರಬಹುದು, ವಿದ್ಯುತ್ ಸ್ಥಾವರಕ್ಕೆ ನೀರು ಕೊಡುವ ಸುರಂಗದ ಬಾಯಿ ಇರಬಹುದು. ಗಾತ್ರ ಬೇರೆ, ಸಮಸ್ಯೆ ಒಂದೇ.

ಒಂದು ಗಾಜಿನ ಜಾಡಿ

ಮಳೆಗಾಲದಲ್ಲಿ ನದಿಯಿಂದ ಒಂದು ಜಾಡಿ ಬಗ್ಗಡ ನೀರು ತುಂಬಿಸಿ ತನ್ನಿ. ಚೆನ್ನಾಗಿ ಅಲ್ಲಾಡಿಸಿ, ಕಿಟಕಿ ಪಕ್ಕ ಇಟ್ಟು ಸುಮ್ನೆ ನೋಡುತ್ತಾ ಕೂತುಕೊಳ್ಳಿ. ದಪ್ಪ ಮರಳು ನೀವು ಕೈ ತೆಗೆಯುವಷ್ಟರಲ್ಲಿ ತಳ ಸೇರುತ್ತದೆ. ಒಂದು ಮಿಲಿಮೀಟರ್ ದಪ್ಪದ ಕಣ ಸೆಕೆಂಡಿಗೆ ಹತ್ತು ಸೆಂಟಿಮೀಟರ್‌ಗೂ ಜಾಸ್ತಿ ಇಳಿಯುತ್ತದೆ. 0.1 ಮಿ.ಮೀ. ನಯವಾದ ಮರಳಿಗೆ ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ ಬೇಕು. ಅದರ ಹತ್ತನೇ ಒಂದರಷ್ಟು, ಅಂದರೆ 0.01 ಮಿ.ಮೀ. ರೇವೆಗೆ ಅಷ್ಟೇ ದೂರ ಇಳಿಯಲು ಮೂರು ಗಂಟೆ. ಇನ್ನೂ ಹತ್ತು ಪಟ್ಟು ಚಿಕ್ಕದಾದ ಜೇಡಿಮಣ್ಣಿನ ಕಣಕ್ಕೆ ಹನ್ನೆರಡು ಹದಿಮೂರು ದಿನ! ಮರುದಿನ ಬೆಳಗ್ಗೆ ಜಾಡಿ ನೋಡಿದರೆ ತಳದಲ್ಲಿ ಪದರಪದರವಾಗಿ ಮಣ್ಣು ಕೂತಿರುತ್ತದೆ, ಮೇಲಿನ ನೀರು ಮಾತ್ರ ಇನ್ನೂ ಚಹಾದ ಬಣ್ಣದಲ್ಲೇ ಇರುತ್ತದೆ.

ನಯವಾದ ಕಣಗಳಲ್ಲಿ ಕಣ ಹತ್ತು ಪಟ್ಟು ಚಿಕ್ಕದಾದರೆ ಇಳಿಯುವ ವೇಗ ಸುಮಾರು ನೂರು ಪಟ್ಟು ಕಡಿಮೆಯಾಗುತ್ತದೆ. ನದಿಯೊಳಗೆ ನಡೆಯುವುದೂ ಇದೇ. ಜೇಡಿ ಮತ್ತು ನಯವಾದ ರೇವೆ ಮೇಲಿನಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ಸಮನಾಗಿ ಬೆರೆತಿರುತ್ತವೆ. ನೀವು ಎಲ್ಲಿ ಬಾಯಿ ಇಟ್ಟರೂ ಅವು ಒಳಗೆ ಬರುತ್ತವೆ. ಅವನ್ನು ನದಿಯಲ್ಲಿ ತಡೆಯಲು ಹೋಗಬೇಡಿ, ಶುದ್ಧೀಕರಣ ಘಟಕದಲ್ಲಿ ನೋಡಿಕೊಳ್ಳಬೇಕು. ಆದರೆ ದಪ್ಪ ಮರಳು, ಜಲ್ಲಿ ತಳ ಬಿಟ್ಟು ಮೇಲೆ ಬರುವುದು ಕಷ್ಟ. ಉರುಳುತ್ತಾ, ಕುಪ್ಪಳಿಸುತ್ತಾ ತಳದಲ್ಲೇ ಸಾಗುತ್ತದೆ. ಇನ್‌ಟೇಕ್ ಬಾಯಿ ಮುಚ್ಚಿಸುವುದು, ಪಂಪಿನೊಳಗೆ ತಿರುಗುವ ಚಕ್ರವನ್ನು (ಇಂಪೆಲ್ಲರ್) ಸವೆಸುವುದು, ಪೈಪಿನ ತಗ್ಗಿನಲ್ಲಿ ಕೂರುವುದು ಬಹುಮಟ್ಟಿಗೆ ಇದೇ ಮರಳು. ಇದನ್ನು ಮಾತ್ರ ನದಿಯಲ್ಲೇ ತಪ್ಪಿಸಿಕೊಳ್ಳಬಹುದು. ಯಾಕೆಂದರೆ ಇದಕ್ಕೆ ತನ್ನದೇ ದಾರಿ ಇದೆ.

ಚಹಾ ಲೋಟದಲ್ಲಿ ನದಿಯ ತಿರುವು

ಆ ದಾರಿ ಎಲ್ಲಿದೆ ಅಂತ ತಿಳಿಯಲು ಒಂದು ಲೋಟ ಸಾಕು. ಸೋಸದ ಚಹಾವನ್ನು ಚಮಚದಿಂದ ಗಿರಗಿರ ತಿರುಗಿಸಿ ಬಿಡಿ. ಚಹಾ ಸೊಪ್ಪು ಎಲ್ಲಿ ಸೇರುತ್ತದೆ? ತಿರುಗುವ ವಸ್ತು ಹೊರಗೆ ಸಿಡಿಯಬೇಕಲ್ವಾ? ಆದರೆ ಸೊಪ್ಪು ಲೋಟದ ತಳದ ನಡುವೆ ಗುಡ್ಡೆಯಾಗುತ್ತದೆ.

ಕಾರಣ ಹೀಗಿದೆ. ತಿರುಗುವ ನೀರು ಹೊರಕ್ಕೆ ಒತ್ತುವುದರಿಂದ ಅಂಚಿನಲ್ಲಿ ಮಟ್ಟ ಸ್ವಲ್ಪ ಏರುತ್ತದೆ, ನಡುವೆ ತಗ್ಗುತ್ತದೆ. ಅಂಚಿನಲ್ಲಿ ಏರಿದ ಆ ನೀರಿನ ಭಾರ ಒಳಮುಖವಾಗಿ ತಳ್ಳುತ್ತದೆ. ಮೇಲಿನ ನೀರು ಜೋರಾಗಿ ತಿರುಗುತ್ತಿರುವುದರಿಂದ ಅದು ಈ ತಳ್ಳುವಿಕೆಗೆ ಬಗ್ಗುವುದಿಲ್ಲ. ತಳದ ನೀರು ಲೋಟದ ತಳಕ್ಕೆ ಉಜ್ಜಿ ನಿಧಾನವಾಗಿರುತ್ತದೆ. ಅದಕ್ಕೆ ಎದುರು ನಿಲ್ಲುವ ಶಕ್ತಿ ಇಲ್ಲ. ಹಾಗಾಗಿ ಅದು ನಡುವಿನ ಕಡೆಗೆ ಸರಿಯುತ್ತದೆ, ಸೊಪ್ಪನ್ನೂ ಎಳೆದುಕೊಂಡು ಹೋಗುತ್ತದೆ. ಜೇಮ್ಸ್ ಥಾಮ್ಸನ್ ಎಂಬ ಎಂಜಿನಿಯರ್ 1870ರ ದಶಕದಲ್ಲೇ ನದಿ ತಿರುವುಗಳ ಬಗ್ಗೆ ಇದನ್ನು ತೋರಿಸಿದ್ದರು. 1926ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಕೂಡ ನದಿಗಳು ಯಾಕೆ ಬಳುಕುತ್ತವೆ ಎಂದು ವಿವರಿಸಲು ಇದೇ ಚಹಾ ಲೋಟವನ್ನು ಹಿಡಿದರು.

ಈಗ ಲೋಟವನ್ನು ಬಿಟ್ಟು ನದಿಯ ತಿರುವಿಗೆ ಬನ್ನಿ. ಮೇಲಿನ ತಿಳಿಯಾದ, ವೇಗದ ನೀರು ಹೊರದಂಡೆಗೆ ಹೋಗಿ ಬಡಿಯುತ್ತದೆ, ಅಲ್ಲಿ ಕೆಳಗಿಳಿಯುತ್ತದೆ, ತಳವನ್ನು ಗೋರಿಕೊಂಡು ಒಳದಂಡೆಯತ್ತ ಹೊರಳುತ್ತದೆ. ನೀರು ಮುಂದಕ್ಕೆ ಹರಿಯುತ್ತಲೇ ಹೀಗೆ ಸುರುಳಿ ಸುತ್ತುತ್ತದೆ. ಹೊರದಂಡೆಯಲ್ಲಿ ಮಡು ಇರುವುದೂ, ಒಳದಂಡೆಯಲ್ಲಿ ಮರಳಿನ ಹಾಸು ಬೀಳುವುದೂ ಇದರಿಂದಲೇ. ಮರಳಿನ ದಾರಿ ಒಳದಂಡೆಯ ಕಡೆಗೆ, ತಿಳಿನೀರಿನ ದಾರಿ ಹೊರದಂಡೆಯ ಕಡೆಗೆ.

ಹಾಗಾಗಿ ಇನ್‌ಟೇಕ್ ಹೊರದಂಡೆಯಲ್ಲಿರಬೇಕು. ಅದೂ ತಿರುವು ಶುರುವಾಗುವ ಕಡೆಯಲ್ಲ. ಸುರುಳಿ ಪೂರ್ತಿ ಬಲ ಪಡೆಯಲು ಸ್ವಲ್ಪ ದೂರ ಬೇಕು. ಅದಕ್ಕೇ ತಿರುವಿನ ನಡುಭಾಗದಿಂದ ಕೊಂಚ ಕೆಳಗಿನ ಜಾಗವನ್ನು ಎಂಜಿನಿಯರುಗಳು ಇಷ್ಟಪಡುತ್ತಾರೆ.

ನೇರ ದಡದ ಮೋಸ

ನೇರವಾಗಿ ಹರಿಯುವ ಕಡೆ ಇಟ್ಟರೆ ಏನಾಗುತ್ತದೆ? ನೋಡಲು ಅದು ಸುರಕ್ಷಿತ ಜಾಗದ ಹಾಗೆ ಕಾಣುತ್ತದೆ. ಕೊರೆತ ಇಲ್ಲ, ಸುಳಿ ಇಲ್ಲ. ಆದರೆ ಇಲ್ಲೊಂದು ವಿಷಯವಿದೆ. ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನದಿ ನೇರವಾಗಿ ಹೋಗುತ್ತಿದೆ. ನೀವು ದಡದಲ್ಲಿ ಒಂದು ಬಾಯಿ ತೆರೆದಿರಿ. ನೀರು ಆ ಬಾಯಿಯತ್ತ ತಿರುಗಿತು. ತಿರುಗಿತು ಅಂದರೇನು? ಅಲ್ಲೊಂದು ಸಣ್ಣ ತಿರುವು ಹುಟ್ಟಿತು! ಆ ತಿರುವಿನ ಒಳದಂಡೆ ಯಾವುದು? ನಿಮ್ಮ ಇನ್‌ಟೇಕ್ ಇರುವ ಕಡೆಯೇ. ಅಂದರೆ ನೇರವಾದ ದಡದಲ್ಲಿ ನಾವೇ ನದಿಯನ್ನು ಬಗ್ಗಿಸಿ, ನಾವೇ ಮರಳು ಬೀಳುವ ಕಡೆ ನಿಂತುಕೊಂಡ ಹಾಗೆ. ಮೇಲಿನ ವೇಗದ ನೀರು ತನ್ನ ರಭಸದಲ್ಲಿ ಮುಂದೆ ಹೊರಟುಹೋಗುತ್ತದೆ. ತಳದ ನಿಧಾನದ ನೀರು ಸುಲಭವಾಗಿ ತಿರುಗಿ ಒಳಗೆ ಬರುತ್ತದೆ, ಮರಳಿನ ಸಮೇತ.

ಜರ್ಮನಿಯಲ್ಲಿ ಬುಲ್ಲೆ ಎಂಬವರು ಈ ಬಗ್ಗೆ ಮಾಡಿದ ಪ್ರಯೋಗಗಳು 1926ರಲ್ಲಿ ಪ್ರಕಟವಾದವು. ನೇರ ಕಾಲುವೆಯಿಂದ ಪಕ್ಕದ ಕಾಲುವೆಗೆ ಅರ್ಧ ನೀರು ತಿರುಗಿಸಿದರೆ ತಳದ ಮರಳಿನಲ್ಲಿ ಶೇಕಡಾ 90ಕ್ಕೂ ಜಾಸ್ತಿ ಆ ಪಕ್ಕದ ಕಾಲುವೆಗೇ ಹೋಗುತ್ತಿತ್ತು. ನೀರು ಅರ್ಧ, ಮರಳು ಹೆಚ್ಚುಕಡಿಮೆ ಪೂರ್ತಿ. ಅಂದಿನಿಂದ ಇದಕ್ಕೆ ಬುಲ್ಲೆ ಪರಿಣಾಮ ಎಂದೇ ಹೆಸರು.

ಹೊರದಂಡೆಯ ಗುಟ್ಟು ಈಗ ಪೂರ್ತಿ ತಿಳಿಯುತ್ತದೆ. ಇನ್‌ಟೇಕ್ ಸೆಳೆಯುವಾಗ ಹುಟ್ಟುವ ಸುರುಳಿ ಮರಳನ್ನು ಒಳಗೆ ತರಲು ನೋಡುತ್ತದೆ. ಹೊರದಂಡೆಯಲ್ಲಿ ನದಿಯ ದೊಡ್ಡ ಸುರುಳಿ ಅದಕ್ಕೆ ಎದುರಾಗಿ ಮರಳನ್ನು ಆಚೆಗೆ ಒಯ್ಯುತ್ತದೆ. ನೀವು ತೆಗೆಯುವ ನೀರು ನದಿಯ ಹರಿವಿನಲ್ಲಿ ಸಣ್ಣ ಪಾಲು ಇರುವವರೆಗೆ ನದಿಯೇ ಗೆಲ್ಲುತ್ತದೆ. ಬೇಸಿಗೆಯಲ್ಲಿ ನದಿ ಸಣ್ಣಗಾಗಿ, ನೀವು ಅದರ ಅರ್ಧ ಎಳೆದುಕೊಳ್ಳತೊಡಗಿದರೆ ಲೆಕ್ಕ ತಿರುಗಿ ಬೀಳುತ್ತದೆ.

ಈಗಿನ ಪಾಕಿಸ್ತಾನದಲ್ಲಿರುವ, ಸಿಂಧೂ ನದಿಯ ಸುಕ್ಕೂರ್ ಬ್ಯಾರೇಜಿನಲ್ಲಿ ಇದೇ ಪಾಠವನ್ನು ಕಷ್ಟಪಟ್ಟು ಕಲಿಯಬೇಕಾಯಿತು. 66 ಗೇಟುಗಳ ಆ ಬ್ಯಾರೇಜ್ 1932ರಲ್ಲಿ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಬಲದಂಡೆ ಕಾಲುವೆಗಳಿಗೆ ಮರಳು ನುಗ್ಗತೊಡಗಿತು. ಪುಣೆ ಹತ್ತಿರದ ಸಂಶೋಧನಾ ಕೇಂದ್ರದಲ್ಲಿ ಎಂಜಿನಿಯರ್ ಕ್ಲಾಡ್ ಇಂಗ್ಲಿಸ್ ನೇತೃತ್ವದಲ್ಲಿ ನದಿಯ ಸಣ್ಣ ಮಾದರಿ ಕಟ್ಟಿ ನೀರು ಹರಿಸಿ ನೋಡಿದರು. ಕಾಲುವೆಗಳ ಮುಂದೆ ನೀರು ಬಾಗಿ ಬರುವಂತೆ, ಕಾಲುವೆಯ ಬಾಯಿಗಳು ಹೊರದಂಡೆಗೆ ಸಿಗುವಂತೆ ಒಂದು ದಾರಿ ಮಾಡುವುದೇ ಪರಿಹಾರ ಎಂದು ಕಂಡುಕೊಂಡರು. ಪ್ರಕೃತಿ ಕೊಡದ ತಿರುವನ್ನು ಮನುಷ್ಯರು ಕಟ್ಟಿಕೊಂಡರು.

ಒಳ್ಳೆಯ ಜಾಗವೇ ಕುಸಿಯುವ ಜಾಗ

ಇಷ್ಟು ಓದಿ, ಹಾಗಾದರೆ ಸಲೀಸಾಯಿತು, ಹೊರದಂಡೆ ಹುಡುಕಿ ಕಟ್ಟಿಬಿಡೋಣ ಅಂದುಕೊಂಡರೆ ನಿಜವಾದ ತೊಡಕು ಅಲ್ಲಿಂದಲೇ ಶುರು. ಹೊರದಂಡೆಯನ್ನೇ ನದಿ ಕೊರೆಯುವುದು. ಮಡು ಅಲ್ಲಿರುವುದೇ ಕೊರೆತದಿಂದ. ಇವತ್ತು ಆಳವಾದ ನೀರಿನ ಪಕ್ಕ ನಿಂತ ಕಟ್ಟಡ ನಾಳೆ ದಡದ ಸಮೇತ ಜಾರಬಹುದು. ಅಥವಾ ದಡ ಹಿಂದೆ ಸರಿದು ಕಟ್ಟಡ ಒಂಟಿಯಾಗಿ ನದಿಯ ನಡುವೆ ನಿಲ್ಲಬಹುದು. ತಿರುವುಗಳು ಪಕ್ಕಕ್ಕಷ್ಟೇ ಅಲ್ಲ, ಕೆಳಗಡೆಗೂ ಸರಿಯುತ್ತವೆ. ಹಾಗೆ ಸರಿದಾಗ ಇವತ್ತಿನ ಮಡುವಿನ ಜಾಗಕ್ಕೆ ಮುಂದೆ ಮರಳಿನ ಹಾಸು ಬರುತ್ತದೆ. ಕೆಲವೊಮ್ಮೆ ತಿರುವು ಬಳುಕಿ ಬಳುಕಿ ಕುತ್ತಿಗೆ ಸಣ್ಣಗಾಗಿ, ಒಂದೇ ನೆರೆಯಲ್ಲಿ ನದಿ ಅಡ್ಡದಾರಿ ಹಿಡಿಯುತ್ತದೆ. ಇನ್‌ಟೇಕ್ ನಿಂತ ನೀರಿನ ಕೊಳದ ದಡದಲ್ಲಿ ಉಳಿಯುತ್ತದೆ.

ಕೆಲವು ನದಿಗಳು ಇದಕ್ಕಿಂತ ದೊಡ್ಡ ಹೆಜ್ಜೆ ಇಡುತ್ತವೆ. ಹಿಮಾಲಯದಿಂದ ಇಳಿಯುವ ಕೋಸಿ ಸುಮಾರು ಎರಡು ಶತಮಾನಗಳಲ್ಲಿ ಪಶ್ಚಿಮಕ್ಕೆ 100 ಕಿ.ಮೀ.ಗೂ ಹೆಚ್ಚು ಸರಿಯಿತು. ಆಮೇಲೆ 2008ರ ಆಗಸ್ಟ್ 18ರಂದು ನೇಪಾಳದ ಕುಸಹಾದಲ್ಲಿ ಒಡ್ಡು ಒಡೆದು ತನ್ನ ಹಳೆಯ ಪೂರ್ವದ ಜಾಡುಗಳಿಗೆ ಒಮ್ಮೆಲೇ ನುಗ್ಗಿತು. ಚೀನಾದ ಹಳದಿ ನದಿ 1855ರಲ್ಲಿ ದಾರಿ ಬದಲಿಸಿ ಬೇರೊಂದು ಕಡೆ ಸಮುದ್ರ ಸೇರಿತು. ಇಂಥ ನದಿಗಳ ಹಾಸು ಸುತ್ತಲಿನ ನೆಲಕ್ಕಿಂತ ಎತ್ತರಕ್ಕೆ ಬೆಳೆದಿರುತ್ತದೆ. ಹೂಳು ತುಂಬಿ ತುಂಬಿ ನದಿ ತಾನೇ ಏರಿ ಕೂತಿರುತ್ತದೆ. ಎಲ್ಲಿ ಒಡೆದರೂ ಇಳಿಜಾರೇ.

ಹಾಗಾದರೆ ಏನು ಮಾಡಬೇಕು? ಕೊರೆಯಲಾಗದ ಹೊರದಂಡೆ ಹುಡುಕಬೇಕು. ಬಂಡೆ ಚಾಚಿಕೊಂಡಿರುವ ಕಡೆ, ಗಟ್ಟಿ ಜೇಡಿಯ ದಡ, ನದಿ ಎಷ್ಟೇ ಅಲೆದರೂ ಪ್ರತಿ ಸಲ ಹಾದುಹೋಗಲೇಬೇಕಾದ ಇಕ್ಕಟ್ಟು. ಬ್ರಹ್ಮಪುತ್ರ ಹಲವು ಕಡೆ ಹತ್ತು ಕಿ.ಮೀ.ಗೂ ಅಗಲವಾಗಿ, ನೂರೆಂಟು ಕವಲಾಗಿ ಹರಡಿಕೊಳ್ಳುತ್ತದೆ. ಆದರೆ ಗುವಾಹಟಿಯ ಪಾಂಡು ಬಳಿ ಬೆಟ್ಟಗಳ ನಡುವೆ ಸಿಕ್ಕಿ ಬರೀ 1.2 ಕಿ.ಮೀ.ಗೆ ಕುಗ್ಗುತ್ತದೆ. ಇಂಥ ಜಾಗಗಳು ನದಿಯ ಗಂಟುಗಳಿದ್ದ ಹಾಗೆ. ಸೇತುವೆ ಕಟ್ಟುವವರೂ ಇವನ್ನೇ ಹುಡುಕುತ್ತಾರೆ. ನಗರದಿಂದ ದೂರವಾದರೂ, ಪೈಪ್‌ಲೈನ್ ನಾಲ್ಕು ಕಿಲೋಮೀಟರ್ ಉದ್ದವಾದರೂ, ಅಂಥ ಗಂಟಿಗೇ ಹೋಗುವುದು ಬಹಳ ಸಲ ಸರಿ ಎನ್ನುವುದು ನನ್ನ ಅಭಿಪ್ರಾಯ. ಪೈಪಿನ ಖರ್ಚು ಒಂದು ಸಲ ಬರುತ್ತದೆ. ತಪ್ಪು ಜಾಗದ ಖರ್ಚು ಪ್ರತಿ ಮಳೆಗಾಲ ಬರುತ್ತದೆ.

ಜಾಗ ಆರಿಸುವ ಮೊದಲು ನದಿಯ ಹಳೆಯ ನಡೆ ನೋಡಲೇಬೇಕು. ಇವತ್ತು ಇದು ಬಹಳ ಸುಲಭ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿವೆ. 1980ರ ದಶಕದಿಂದ ಈಚಿನ ಚಿತ್ರಗಳಲ್ಲಿ ದಡದ ಗೆರೆ ಚೆನ್ನಾಗಿ ಕಾಣುತ್ತದೆ. ಅವು ಎಲ್ಲರಿಗೂ ಪುಕ್ಕಟೆ ಸಿಗುತ್ತವೆ. ಪ್ರತಿ ಬೇಸಿಗೆಯ ಒಂದೊಂದು ಚಿತ್ರ ತೆಗೆದು, ದಡದ ಗೆರೆಯನ್ನು ಒಂದರ ಮೇಲೊಂದು ಎಳೆಯಿರಿ. ನಾಲ್ಕು ದಶಕದ ಗೆರೆಗಳು ಎಲ್ಲಿ ಒಂದೇ ಕಡೆ ಕೂಡುತ್ತವೆ, ಎಲ್ಲಿ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತವೆ ಅಂತ ಕಣ್ಣಿಗೇ ಕಾಣುತ್ತದೆ. ಗೆರೆಗಳು ಕೂಡಿದ ಕಡೆ ಹೋಗಿ ದಡದ ಮಣ್ಣು ಕೊರೆದು ನೋಡಿ. ಆಮೇಲೆ ಅಲ್ಲಿನ ಮೀನುಗಾರರನ್ನು, ದೋಣಿಯವರನ್ನು ಕೇಳಿ. ಯಾವ ಮಡು ಯಾವ ನೆರೆಯಲ್ಲಿ ಮುಚ್ಚಿತು ಅನ್ನುವುದು ಅವರಿಗೆ ನೆನಪಿರುತ್ತದೆ. ಒಂದು ಬೇಸಿಗೆಯಲ್ಲಿ ಸರ್ವೆ ಮಾಡಿ, ಆ ವರ್ಷದ ಆಳ ನೋಡಿ ಜಾಗ ಆರಿಸುವುದು ಅತಿ ದೊಡ್ಡ ತಪ್ಪು.

ದೂರ ಇರಬೇಕಾದ ಜಾಗಗಳೂ ಇವೆ. ಉಪನದಿ ಬಂದು ಸೇರುವ ಕಡೆಯ ಸ್ವಲ್ಪ ಕೆಳಗೆ ಬೇಡ, ಅದು ತಂದ ಮರಳು ಅಲ್ಲೇ ದಿಬ್ಬವಾಗುತ್ತದೆ. ಜಲಾಶಯದ ಹಿನ್ನೀರಿನ ತುದಿಯಲ್ಲಿ ಬೇಡ, ಹರಿವು ನಿಲ್ಲುತ್ತಿದ್ದಂತೆ ನದಿ ಹೊರೆ ಇಳಿಸುವುದು ಅಲ್ಲೇ. ಹೊಲಸು ನೀರು ಸೇರುವ ಚರಂಡಿಯ ಕೆಳಗೆ ಬೇಡ ಅನ್ನುವುದನ್ನು ಹೇಳಬೇಕಾಗಿಲ್ಲ.

ನೆಲ ಕೆಳಗಿಳಿದಾಗ

ಮರಳು ಜಾಸ್ತಿಯಾದರೆ ಕಷ್ಟ ಅಂತ ಇಷ್ಟು ಹೊತ್ತು ಹೇಳಿದೆ. ಕಡಿಮೆಯಾದರೂ ಕಷ್ಟವೇ. ಮೇಲೆ ಅಣೆಕಟ್ಟು ಬಂದು ಮರಳನ್ನು ತಡೆದರೆ ಕೆಳಗೆ ಬರುವ ಬರಿಗೈ ನೀರು ತಳವನ್ನೇ ಕೊರೆದು ಹೊರೆ ತುಂಬಿಕೊಳ್ಳುತ್ತದೆ. ಲಾರಿಗಟ್ಟಲೆ ಮರಳು ತೆಗೆದರೂ ಇದೇ ಕಥೆ. ನದಿಯ ತಳ ವರ್ಷವರ್ಷ ಕೆಳಗಿಳಿಯುತ್ತದೆ. ಜೊತೆಗೆ ಬೇಸಿಗೆಯ ನೀರಿನ ಮಟ್ಟವೂ ಇಳಿಯುತ್ತದೆ. ಇನ್‌ಟೇಕ್ ಬಾಯಿ ಮಾತ್ರ ಹಳೆಯ ಎತ್ತರದಲ್ಲೇ ತೂಗುತ್ತಿರುತ್ತದೆ.

ಇದರ ಉಗ್ರ ರೂಪವನ್ನು ಈಕ್ವೆಡಾರ್ ದೇಶ ಕಂಡಿತು. ಅಲ್ಲಿ ಕೋಕಾ ನದಿಯ ಮೇಲೆ 1,500 ಮೆಗಾವ್ಯಾಟ್‌ನ ಕೋಕಾ ಕೋಡೊ ಸಿಂಕ್ಲೇರ್ ವಿದ್ಯುತ್ ಸ್ಥಾವರ 2016ರಲ್ಲಿ ಉದ್ಘಾಟನೆಯಾಯಿತು. ಅದರ ಇನ್‌ಟೇಕ್‌ನಿಂದ ಸುಮಾರು 19 ಕಿ.ಮೀ. ಕೆಳಗೆ ಸ್ಯಾನ್ ರಫೇಲ್ ಎಂಬ ದೊಡ್ಡ ಜಲಪಾತ ಇತ್ತು. 2020ರ ಫೆಬ್ರುವರಿ 2ರಂದು ಜಲಪಾತದ ಹಿಂದಿನ ನೆಲ ಕುಸಿದು ನದಿ ಅಡಿಯಿಂದ ತೂರಿ ಹರಿಯಿತು. ಜಲಪಾತ ಇಲ್ಲವಾಯಿತು. ಅಷ್ಟು ದಿನ ಮೇಲಿನ ನದಿಯ ತಳವನ್ನು ಎತ್ತಿ ಹಿಡಿದಿದ್ದದ್ದೇ ಜಲಪಾತದ ಆ ಬಂಡೆ. ಅದು ಹೋದ ಮೇಲೆ ಕೊರೆತ ಹಿಮ್ಮುಖವಾಗಿ, ಹರಿವಿಗೆ ಎದುರಾಗಿ ಮೇಲಕ್ಕೆ ಏರತೊಡಗಿತು. ಅದೇ ವರ್ಷ ಏಪ್ರಿಲ್ 7ರಂದು ದಡದ ತೈಲ ಪೈಪ್‌ಲೈನ್‌ಗಳು ಮುರಿದವು. ಕೊರೆತ ಇನ್‌ಟೇಕ್‌ನತ್ತ ತೆವಳುತ್ತಲೇ ಬಂತು. ಇನ್‌ಟೇಕ್ ನಿಂತ ಜಾಗವನ್ನಷ್ಟೇ ಪರೀಕ್ಷಿಸಿದರೆ ಸಾಲದು. ಕೆಳಗಡೆ ನದಿಯನ್ನು ಯಾವುದು ಹಿಡಿದು ನಿಲ್ಲಿಸಿದೆ ಎನ್ನುವುದನ್ನೂ ನೋಡಬೇಕು.

ಬುಡ ಕಾಯುವುದು

ಜಾಗ ಸಿಕ್ಕಿತು ಎಂದುಕೊಳ್ಳೋಣ. ಈಗ ಕಟ್ಟಡದ ಬುಡದ ಮಾತು. ಬೇಸಿಗೆಯಲ್ಲಿ ನಾಲ್ಕು ಮೀಟರ್ ಆಳ ಕಾಣುವ ನದಿ ನೆರೆಯಲ್ಲಿ ಎಷ್ಟು ಆಳಕ್ಕೆ ಕೊರೆಯುತ್ತದೆ ಅಂತ ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ನೀರು ಏರುವಾಗ ತಳ ಇಳಿಯುತ್ತದೆ, ನೀರು ಇಳಿಯುವಾಗ ಗುಂಡಿ ಮತ್ತೆ ಮರಳಿನಿಂದ ಮುಚ್ಚಿಕೊಳ್ಳುತ್ತದೆ. ನೆರೆ ಇಳಿದ ಮೇಲೆ ಹೋಗಿ ಅಳೆದರೆ ಏನೂ ಆಗಿಲ್ಲವೆಂಬಂತೆ ಇರುತ್ತದೆ.

ಉತ್ತರ ಭಾರತದ ಕಾಲುವೆಗಳನ್ನು ಅಭ್ಯಾಸ ಮಾಡಿದ ಎಂಜಿನಿಯರ್ ಜೆರಾಲ್ಡ್ ಲೇಸಿ 1930ರ ಹೊತ್ತಿಗೆ ಕೊಟ್ಟ ಸೂತ್ರವನ್ನು ಈ ಕೊರೆತದ ಆಳ ಅಂದಾಜು ಮಾಡಲು ಈಗಲೂ ಬಳಸುತ್ತಾರೆ. ಸೆಕೆಂಡಿಗೆ 10,000 ಘನ ಮೀಟರ್ ನೆರೆ ಬರುವ, 0.3 ಮಿ.ಮೀ. ಆಸುಪಾಸಿನ ಮರಳಿನ ನದಿಗೆ ಆ ಸೂತ್ರ ಸುಮಾರು 10 ಮೀಟರ್ ಆಳ ಕೊಡುತ್ತದೆ. ಇದು ಸಾಧಾರಣ ಆಳ. ನೀರು ನೇರವಾಗಿ ಬಂದು ಬಡಿಯುವ ಮೂಲೆಯಲ್ಲಿ, ಕಂಬದ ಮೂತಿಯಲ್ಲಿ ಇದರ ಎರಡು ಪಟ್ಟು ಹಿಡಿಯುವುದು ರೂಢಿ. ಅಂದರೆ ನೆರೆಯ ಮಟ್ಟದಿಂದ 20 ಮೀಟರ್ ಕೆಳಗೆ. ಅಡಿಪಾಯ ಅದಕ್ಕಿಂತ ಆಳಕ್ಕೆ ಹೋಗಬೇಕು. ಈ ಸೂತ್ರ ಒರಟು ಅಂದಾಜು ಕೊಡುತ್ತದೆ, ಅಷ್ಟೇ. ಬಂಡೆ, ಜಲ್ಲಿ ಇರುವ ನದಿಗೆ ಇದನ್ನು ಕಣ್ಣುಮುಚ್ಚಿ ಹಾಕಬಾರದು.

ದಡವನ್ನು ಕಾಯಲು ಕಲ್ಲು ಹಾಸುವುದು ಎಲ್ಲರಿಗೂ ಗೊತ್ತು. ಆದರೆ ಕಲ್ಲಿನ ಹಾಸು ಸಾಮಾನ್ಯವಾಗಿ ಸೋಲುವುದು ಬುಡದಲ್ಲಿ. ಕಾಲಡಿಯ ಮರಳು ಹೋದರೆ ಮೇಲಿನ ಕಲ್ಲೆಲ್ಲ ಜಾರುತ್ತದೆ. ಇದಕ್ಕೆ ಹಳೆಯ ಎಂಜಿನಿಯರುಗಳು ಕಂಡುಕೊಂಡ ಉಪಾಯ ಬಹಳ ಚಂದ. ಇಳಿಜಾರಿನ ಬುಡದಿಂದ ನದಿಯೊಳಕ್ಕೆ, ತಳದ ಮೇಲೆ ಒಂದು ಅಗಲವಾದ ಕಲ್ಲಿನ ಚಾಪೆ ಹಾಸಿಬಿಡುತ್ತಾರೆ. ಸಿಮೆಂಟ್ ಹಾಕುವುದಿಲ್ಲ, ಬಿಡಿ ಕಲ್ಲೇ. ನೆರೆಯಲ್ಲಿ ಚಾಪೆಯ ಅಂಚಿನ ಆಚೆ ಮರಳು ಕೊರೆದುಹೋಗುತ್ತದೆ. ಅಂಚಿನ ಕಲ್ಲುಗಳು ಒಂದೊಂದಾಗಿ ಗುಂಡಿಗೆ ಉರುಳುತ್ತವೆ. ಉರುಳಿದ ಕಲ್ಲು ಗುಂಡಿಯ ಗೋಡೆಯ ಮೇಲೆ, ಎರಡಕ್ಕೆ ಒಂದರ ಇಳಿಜಾರಿನಲ್ಲಿ ಹಾಸಿಕೊಳ್ಳುತ್ತದೆ. ಗುಂಡಿ ಆಳವಾದಷ್ಟೂ ಇನ್ನಷ್ಟು ಕಲ್ಲು ಇಳಿಯುತ್ತದೆ. ನೀರಿನಡಿ, ಕತ್ತಲಲ್ಲಿ, ಯಾರ ಕೈಯೂ ಸೋಕದೆ ದಡಕ್ಕೆ ಕವಚ ಬೀಳುತ್ತದೆ. ಇದನ್ನು ಸಿಮೆಂಟಿನಿಂದ ಬಿಗಿದುಬಿಟ್ಟರೆ ಕೆಲಸ ಕೆಡುತ್ತದೆ. ಗಟ್ಟಿ ಮಾಡುತ್ತೇವೆಂದು ಹೋಗಿ ಅದರ ಬಾಗುವ ಗುಣವನ್ನೇ ಕಳೆದಂತೆ. ಕಲ್ಲು ಸಿಗದ ಬಾಂಗ್ಲಾದೇಶದಲ್ಲಿ ಜಮುನಾ ನದಿಯ ದಡಕ್ಕೆ ಮರಳು ತುಂಬಿದ ಗಟ್ಟಿ ಬಟ್ಟೆಯ ಚೀಲಗಳನ್ನು ಇದೇ ರೀತಿ ಬಳಸುತ್ತಾರೆ.

ಮರಳನ್ನು ಇನ್‌ಟೇಕ್‌ನಿಂದ ಆಚೆ ತಿರುಗಿಸಲು ಇನ್ನೊಂದು ಸಾಧನವಿದೆ. ನದಿಯ ತಳದಲ್ಲಿ ಗಿಡ್ಡ ಹಲಗೆಗಳನ್ನು ಸಾಲಾಗಿ ನೆಡುವುದು. ನೀರಿನ ಆಳದ ಮೂರರಲ್ಲಿ ಒಂದು ಪಾಲು ಎತ್ತರ, ಹರಿವಿಗೆ ಇಪ್ಪತ್ತು ಡಿಗ್ರಿ ಆಸುಪಾಸು ಓರೆ. ಮೇಲಿನಿಂದ ನೋಡಿದರೆ ಕಾಣುವುದೇ ಇಲ್ಲ. ಪ್ರತಿ ಹಲಗೆಯೂ ತನ್ನ ಹಿಂದೆ ಒಂದು ಸಣ್ಣ ಸುರುಳಿ ಹುಟ್ಟಿಸುತ್ತದೆ. ಆ ಸುರುಳಿಗಳು ಸೇರಿ ತಳದ ಮರಳನ್ನು ನದಿಯ ನಡುವಿಗೆ ದಾಟಿಸುತ್ತವೆ. ಅಮೆರಿಕದ ಅಯೋವಾದಲ್ಲಿ 1980ರ ದಶಕದಲ್ಲಿ ಇದನ್ನು ಚೆನ್ನಾಗಿ ಬೆಳೆಸಿದರು. ಲೋಟದ ಚಹಾದ ತತ್ವವೇ, ಇಲ್ಲಿ ನಮ್ಮ ಅನುಕೂಲಕ್ಕೆ ದುಡಿಯುತ್ತದೆ. ಆದರೆ ನದಿಯ ಸಣ್ಣ ಪಾಲನ್ನು ಮಾತ್ರ ತೆಗೆಯುವ ಕಡೆ ಇದು ಫಲ ಕೊಡುತ್ತದೆ. ದೊಡ್ಡ ಪಾಲು ಎಳೆದರೆ ಹಲಗೆಗಳಿಂದ ಆಗುವುದಿಲ್ಲ.

ಬಾಯಿಯ ವಿಷಯದಲ್ಲಿ ಎರಡು ಮಾತು. ಒಂದೇ ಎತ್ತರದಲ್ಲಿ ಬಾಯಿ ಇಡಬೇಡಿ, ಮೂರು ನಾಲ್ಕು ಎತ್ತರದಲ್ಲಿ ಗೇಟು ಇಡಿ. ನೆರೆಯಲ್ಲಿ ಮೇಲಿನ ಗೇಟು, ಬೇಸಿಗೆಯಲ್ಲಿ ಕೆಳಗಿನದು. ಇನ್ನೊಂದು, ಬಾಯಿ ದೊಡ್ಡದಿರಲಿ. ಜಾಲರಿಯ ಮುಂದೆ ನೀರಿನ ವೇಗ ಸೆಕೆಂಡಿಗೆ 15 ಸೆಂ.ಮೀ. ಆಸುಪಾಸು ಇದ್ದರೆ ಕಸಕಡ್ಡಿ ಅಂಟಿಕೊಳ್ಳುವುದು ಕಡಿಮೆ, ಮೀನುಮರಿಗಳೂ ಈಜಿ ತಪ್ಪಿಸಿಕೊಳ್ಳುತ್ತವೆ. ಕೈಯನ್ನು ಜಾಲರಿಯ ಮುಂದೆ ಇಟ್ಟರೆ ಸೆಳೆತ ಇದೆಯೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ನೀರು ಒಳಗೆ ಹೋಗಬೇಕು.

ನಿಲ್ಲದ ನದಿಗೆ ನಿಲ್ಲದ ಇನ್‌ಟೇಕ್

ಎಷ್ಟು ಹುಡುಕಿದರೂ ಗಟ್ಟಿ ದಡ ಸಿಗದ ನದಿಗಳಿವೆ. ಅಲ್ಲಿ ಕಾಂಕ್ರೀಟ್ ಗೋಪುರ ಕಟ್ಟಿ ನದಿಯನ್ನು ಅದರ ಬಳಿ ಹಿಡಿದಿಡುತ್ತೇವೆ ಅನ್ನುವ ಹಟ ಬಿಡಬೇಕು. ತೇಲುವ ತೆಪ್ಪದ ಮೇಲೆ ಪಂಪ್ ಇಟ್ಟು, ಬಾಗುವ ಪೈಪ್ ಜೋಡಿಸಿದರೆ ನದಿಯ ಹಿಂದೆ ಹೋಗಬಹುದು. ನೀರು ಏರಿಳಿದರೂ ತೆಪ್ಪ ಜೊತೆಗೇ ಏರಿಳಿಯುತ್ತದೆ. ನೆರೆಯಲ್ಲಿ ತೇಲಿ ಬರುವ ಮರದ ದಿಮ್ಮಿಗಳಿಂದ ಕಾಯಬೇಕು, ಲಂಗರು ಗಟ್ಟಿ ಇರಬೇಕು, ನೋಡಿಕೊಳ್ಳಲು ಜನ ಬೇಕು. ಆದರೂ ಅಲೆಯುವ ನದಿಗೆ ಇದು ಪ್ರಾಮಾಣಿಕ ಉತ್ತರ.

ಇನ್ನೊಂದು ದಾರಿ ನದಿಯ ನೀರನ್ನು ನದಿಯಿಂದ ನೇರವಾಗಿ ತೆಗೆಯದೇ ಇರುವುದು. ದಡದಿಂದ ಹಿಂದೆ ಬಾವಿ ತೋಡಿ, ಮರಳಿನ ಮೂಲಕ ಜಿನುಗಿ ಬಂದ ನೀರನ್ನು ಎತ್ತುವುದು. ಜರ್ಮನಿಯ ಡ್ಯುಸೆಲ್‌ಡಾರ್ಫ್ ನಗರ ರೈನ್ ನದಿಯ ದಡದಲ್ಲಿ 1870ರಿಂದ ಹೀಗೆ ನೀರು ಪಡೆಯುತ್ತಿದೆ. 1930ರ ದಶಕದಲ್ಲಿ ಲಿಯೋ ರಾನಿ ಎಂಬ ಎಂಜಿನಿಯರ್ ಬಾವಿಯ ತಳದಿಂದ ಸುತ್ತಲೂ ಅಡ್ಡ ಪೈಪುಗಳನ್ನು, ಚಕ್ರದ ಕಡ್ಡಿಗಳ ಹಾಗೆ ಮರಳೊಳಗೆ ತಳ್ಳುವ ವಿಧಾನ ತಂದರು. ಹೂಳು ಹೊರಗೇ ಉಳಿಯುತ್ತದೆ, ತಿಳಿನೀರು ಒಳಗೆ ಬರುತ್ತದೆ. ಮರಳು, ಜಲ್ಲಿ ದಪ್ಪವಾಗಿ ತುಂಬಿರುವ ನದಿಗಳಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಜೇಡಿ ಜಾಸ್ತಿ ಇರುವ ಕಡೆ ಮಾತ್ರ ಮರಳಿನ ಸಂದುಗಳು ಮುಚ್ಚಿ ನೀರು ಕಡಿಮೆಯಾಗುತ್ತಾ ಹೋಗುತ್ತದೆ.

ಪಂಪ್ ಯಾವಾಗ ಓಡಿಸಬೇಕು ಅನ್ನುವುದೂ ರಕ್ಷಣೆಯೇ. ಹಲವು ನದಿಗಳಲ್ಲಿ ಹೂಳಿನ ಉಬ್ಬರ ನೀರಿನ ಉಬ್ಬರಕ್ಕಿಂತ ಮೊದಲೇ ಬರುತ್ತದೆ, ನೆರೆ ಏರುತ್ತಿರುವಾಗಲೇ. ಎರಡು ಮೂರು ದಿನಕ್ಕೆ ಸಾಲುವಷ್ಟು ನೀರು ದಡದ ಕೆರೆಯಲ್ಲಿ ಸಂಗ್ರಹ ಇದ್ದರೆ ಆ ಹೊತ್ತಿನಲ್ಲಿ ಗೇಟು ಮುಚ್ಚಿ ಕೂರಬಹುದು. ವರ್ಷದ ಹೂಳಿನಲ್ಲಿ ದೊಡ್ಡ ಪಾಲು ಬರುವುದು ಇಂಥ ಕೆಲವೇ ದಿನಗಳಲ್ಲಿ.

ಎರಡು ಸಾವಿರ ವರ್ಷದ ಕೆಲಸ

ಚೀನಾದ ಮಿನ್ ನದಿಯ ಮೇಲಿನ ದುಜಿಯಾಂಗ್ಯಾನ್ ಬಗ್ಗೆ ಹೇಳದೆ ಇದನ್ನು ಮುಗಿಸಲಾರೆ. ಕ್ರಿ.ಪೂ. 256ರ ಸುಮಾರಿಗೆ ಲಿ ಬಿಂಗ್ ಎಂಬ ಅಧಿಕಾರಿ ಇದನ್ನು ಶುರು ಮಾಡಿದ. ಅಡ್ಡಲಾಗಿ ಅಣೆಕಟ್ಟು ಕಟ್ಟಲಿಲ್ಲ. ನದಿಯ ನಡುವೆ ಮೀನಿನ ಮೂತಿಯ ಆಕಾರದ ಒಂದು ದಿಬ್ಬ ಹಾಕಿ ನೀರನ್ನು ಎರಡು ಮಾಡಿದರು. ಒಳಗಿನ ಕವಲು ಕಿರಿದು, ಆಳ. ಹೊರಗಿನದು ಅಗಲ. ಬೇಸಿಗೆಯಲ್ಲಿ ನೀರಿನ ದೊಡ್ಡ ಪಾಲು ಆಳದ ಒಳಕವಲಿಗೆ ಬರುತ್ತದೆ, ನೆರೆಯಲ್ಲಿ ದೊಡ್ಡ ಪಾಲು ಅಗಲದ ಹೊರಕವಲಿಗೆ ಹೋಗುತ್ತದೆ. ಒಳಕವಲಿನಲ್ಲೂ ಬಂದ ಮರಳನ್ನು ಹೊರಗೆ ಎಸೆಯಲು ತಗ್ಗಾದ ಒಂದು ಕೋಡಿ ಇದೆ. ಅದರ ಹೆಸರೇ ಹಾರುವ ಮರಳಿನ ಕೋಡಿ. ಕಾಲುವೆಯ ಬಾಯಿಯನ್ನು ಬಂಡೆ ಕಡಿದು ಇಕ್ಕಟ್ಟಾಗಿ ಮಾಡಿದ್ದಾರೆ. ನೆರೆಯಲ್ಲಿ ಆ ಇಕ್ಕಟ್ಟಿಗೆ ಹಿಡಿಸದ ನೀರು ಹಿಂದೆ ಒತ್ತಿ, ಸುರುಳಿ ಸುತ್ತಿ, ಕೋಡಿಯ ಮೇಲಿಂದ ಮರಳನ್ನು ಹೊತ್ತು ಹೊರಗೆ ಹಾರುತ್ತದೆ. ಇವತ್ತಿಗೂ ಅದು ಹೊಲಗಳಿಗೆ ನೀರು ಕೊಡುತ್ತಿದೆ.

ಆದರೆ ಅದು ಇಷ್ಟು ಕಾಲ ಉಳಿದದ್ದು ಕಟ್ಟಿ ಬಿಟ್ಟಿದ್ದರಿಂದ ಅಲ್ಲ. ಶತಮಾನಗಳ ಕಾಲ ನೀರು ಕಡಿಮೆ ಇರುವ ತಿಂಗಳುಗಳಲ್ಲಿ ಮರದ ಮೂರು ಕಾಲಿನ ಚೌಕಟ್ಟುಗಳನ್ನು ನೆಟ್ಟು, ಒಂದು ಕವಲನ್ನು ಕಟ್ಟಿ, ಒಣಗಿಸಿ, ಹೂಳು ತೆಗೆಯುತ್ತಿದ್ದರು. ಕಲ್ಲು ತುಂಬಿದ ಬಿದಿರಿನ ಬುಟ್ಟಿಗಳಿಂದ ದಡ ಸರಿ ಮಾಡುತ್ತಿದ್ದರು. ತಳವನ್ನು ಆಳವಾಗಿ ತೋಡು, ಕೋಡಿಯನ್ನು ತಗ್ಗಾಗಿ ಕಟ್ಟು ಎನ್ನುವ ಮಾತು ಅಲ್ಲಿ ತಲೆತಲಾಂತರದಿಂದ ಬಂದಿದೆ. ಎಷ್ಟು ಆಳ ತೋಡಬೇಕು ಅಂತ ಪ್ರತಿ ವರ್ಷ ಹೊಸದಾಗಿ ಲೆಕ್ಕ ಹಾಕಬೇಕಾಗಿರಲಿಲ್ಲ. ಒಳಕವಲಿನ ತಳದಲ್ಲಿ ಕಬ್ಬಿಣದ ದಿಮ್ಮಿಗಳನ್ನು ಹೂತಿಟ್ಟಿದ್ದಾರೆ. ಕಬ್ಬಿಣ ಕಾಣುವವರೆಗೆ ತೋಡುತ್ತಿದ್ದರು.